ಅಕ್ಕ ಮಾಡಿದ ಪಾತ್ರ

ಮುನವಳ್ಳಿಯ ಗಿರಣಿಯಲ್ಲಿ ಬಿಸಿ ಜೋಳದ ಹಿಟ್ಟಿನ ವಾಸನೆ ಮೂಗಿಗೆ ಬಡಿದಾಗ ಅಕ್ಕ ನೆನಪಾದಳು. ಮನೆಗೆ ಬಂದು, ಮೊಮ್ಮಗಳ ಮೊಬೈಲಿನಲ್ಲಿ ಆ ಹಳೆಯ ಸಿನಿಮಾ ಹಚ್ಚಿಸಿಕೊಂಡು ಪೂರ್ತಿ ನೋಡಿದೆ.

ಅದರ ನಿರ್ದೇಶಕರು ಮುಂದೆ ದೊಡ್ಡ ಹೆಸರು ಮಾಡಿದರು. ಇದು ಅವರ ಮೊದಮೊದಲಿನದು. ಈಗ ಯಾರೂ ನೆನೆಯುವುದಿಲ್ಲ. ನಾಲ್ಕನೇ ಇಯತ್ತೆ ಓದಿದ ನನಗೂ ಕೊರತೆ ಕಾಣುತ್ತದೆ. ಹಾಡು ಹೆಚ್ಚು, ಕಥೆ ಕಡಿಮೆ. ನಾಯಕ ತಾಯಿ ಸತ್ತರೂ ಹಾಡುತ್ತಾನೆ, ಎತ್ತು ಕಳೆದರೂ ಹಾಡುತ್ತಾನೆ. ಆದರೆ ನಡುವೆ ಒಂದು ಬೀಸುವ ಪದ ಬರುತ್ತದೆ. ವಾದ್ಯಗಳೆಲ್ಲ ನಿಂತು ಕಲ್ಲಿನ ಸದ್ದೊಂದೇ ಉಳಿಯುತ್ತದೆ. ಬೀಸುತ್ತ ಹಾಡುವವಳು ನನ್ನ ಅಕ್ಕ. ಅಷ್ಟು ಹೊತ್ತು ಆ ಸಿನಿಮಾ ಸುಳ್ಳು ಹೇಳುವುದಿಲ್ಲ...

ಹಾಡುವವರನ್ನು ಹುಡುಕುತ್ತ ಆ ನಿರ್ದೇಶಕರು ನಮ್ಮ ಮನೆಗೆ ಬಂದದ್ದು ನನಗಾಗಿ. ಊರ ಭಜನೆಯಲ್ಲಿ ನನ್ನದೇ ದನಿ ಮುಂದು. ಒಳಗೆ ಅಕ್ಕ ಬೀಸುತ್ತಿದ್ದಳು. ನಾನು ಎರಡು ಸಾಲು ಹಾಡುವುದರೊಳಗೆ ಅವರು ಕೈಯೆತ್ತಿ ನಿಲ್ಲಿಸಿದರು.

"ಒಳಗೆ ಹಾಡ್ತಿರೋದು ಯಾರು?"

ಆ ಮಾತು ನನಗೆ ಅರಗಲಿಲ್ಲ.

ಸಿನಿಮಾ ಬಂದು ಹೋದ ಮೇಲೆ ಚಚಡಿ ಊರಿನಿಂದ ಗಂಡಿನ ಕಡೆಯವರು ಅಕ್ಕನನ್ನು ನೋಡಲು ಬಂದರು. ಗಂಡಿನ ಕಾಕಾ ಚಹಾ ಕುಡಿಯುತ್ತ ಕೇಳಿದರು, "ಹುಡುಗಿ ಸಿನಿಮಾದಾಗ ಅದಾಳಂತಲ್ಲೋ ತಮ್ಮಾ, ಖರೇನ?"

ಪಾತ್ರ ಮಾಡ್ಯಾಳ ಎನ್ನಬೇಕಿತ್ತು. "ಹೌದ್ರಿ, ನಮ್ಮಕ್ಕ ಪಾತರದಾಕಿ" ಎಂದೆ. ನಮ್ಮ ಕಡೆ ಹಾಗೆಂದರೆ ಗಂಡಸರ ಮುಂದೆ ಕುಣಿದು ಬದುಕುವವಳು.

ಕಾಕಾ ಬಸಿಯನ್ನು ಕೆಳಗಿಟ್ಟರು. "ಏಳ್ರೆಪಾ. ಒಡಹುಟ್ಟಿದಾವನ ಹೇಳಿದ ಮ್ಯಾಲ ಇನ್ನೇನ್ ಕೇಳೂದೈತಿ?"

ಅವ್ವ ನನ್ನ ಕೆನ್ನೆಗೆ ಬಾರಿಸಿದಳು. ಅಕ್ಕನೇ ಅಡ್ಡ ಬಂದಳು: "ಬಿಡಬೇ ಯವ್ವಾ, ಸಾಲಿ ಕಲಿತಾನೇನ ಅಂವ? ಬಾಯಿ ತಪ್ಪೇತಿ."

ಬಾಯಿ ತಪ್ಪಿರಲಿಲ್ಲ. ಆ ಮಾತನ್ನು ಹಿಂದಿನ ದಿನವೇ ಆರಿಸಿ ಇಟ್ಟುಕೊಂಡಿದ್ದೆ.

ಆ ಹೆಸರು ಅವಳಿಗೆ ಅಂಟಿತು. ಬಾವಿಗೆ ಹೋದರೆ ಹುಡುಗರು ಸೊಂಟ ಕುಣಿಸಿ ತೋರಿಸುತ್ತಿದ್ದರು. ಮತ್ತೆ ಯಾರೂ ಹೆಣ್ಣು ಕೇಳಿ ಬರಲಿಲ್ಲ. ಅಕ್ಕ ಬೀಸುವುದನ್ನೇ ಬಿಟ್ಟಳು. ಕಾಳು ಗಿರಣಿಗೆ ಹೋಗತೊಡಗಿತು. ಅವಳ ಹಾಡುವ ದನಿಯನ್ನು ನಾನು ಮತ್ತೆ ಕೇಳಲಿಲ್ಲ... ನನ್ನ ಮದುವೆಯಲ್ಲೂ ಆರತಿ ಹಿಡಿದು ಸುಮ್ಮನೆ ನಿಂತಿದ್ದಳು.

ಹೋದ ವರ್ಷ ಅಕ್ಕ ಆಸ್ಪತ್ರೆಯಲ್ಲಿದ್ದಾಗ ನಿಜ ಹೇಳಿಬಿಡಬೇಕೆಂದು ಅವಳ ಕೈ ಹಿಡಿದೆ. ಅಷ್ಟರಲ್ಲಿ ಪಕ್ಕದ ಹಾಸಿಗೆಯವಳಿಗೆ ನನ್ನನ್ನು ತೋರಿಸಿ, "ನಮ್ಮ ತಮ್ಮರಿ. ಭಾಳ ಭೋಳೇದಾವ, ಮಾತಾಡಾಕ ಬರಂಗಿಲ್ಲ" ಎಂದು ನಕ್ಕಳು. ನಾನೂ ನಕ್ಕೆ.

ಮೂರನೆಯ ದಿನ ಅಕ್ಕ ಹೋದಳು. ಊರು ನನ್ನನ್ನು ಇಂದಿಗೂ ಕಪಟವರಿಯದ ಭೋಳೆಯವನೆಂದೇ ನಂಬಿದೆ.