ಮಗ್ಗದ ಮನೆಗೆ ಒಂದು ಗೇಣು ಮೆತ್ತನೆ ಪೈಪು

ಅವರ ಬಲಗೈ ಹೆಬ್ಬೆರಳಿನ ಮೇಲೆ ಪೈಪಿಗೆ ಹಚ್ಚುವ ಅಂಟು ಪದರಪದರವಾಗಿ ಒಣಗಿ, ಇನ್ನೊಂದು ಚರ್ಮದಂತೆ ಕೂತಿರುತ್ತಿತ್ತು. ಗಿರಾಕಿಯ ಮಾತು ಕೇಳುವಾಗ ಅದನ್ನು ಉಗುರಿನಿಂದ ಸುಲಿಯುತ್ತಿದ್ದರು. ಸುಲಿದು ಮುಗಿಯುವ ತನಕ ಉತ್ತರವಿಲ್ಲ.

ಚಳ್ಳಕೆರೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರ ಪೈಪಿನ ಅಂಗಡಿ. ಎಲ್ಲರಂತೆ ನಾನೂ ಅವರನ್ನು ಯಜಮಾನರು ಎನ್ನುತ್ತಿದ್ದೆ. ಮೊಳಕಾಲ್ಮೂರಿನಿಂದ ಅಲ್ಲಿನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದವಳು ನಾನು. ನನ್ನ ದಿನಚರಿಯ ಪ್ರಕಾರ ಅವರ ಅಂಗಡಿಗೆ ಹೋದದ್ದು ಹನ್ನೊಂದು ಸಲ, ಅವರು ನಮ್ಮ ಮನೆಗೆ ಬಂದದ್ದು ಒಂದು ಸಲ.

ಅವರ ಗಿರಾಕಿಗಳೆಲ್ಲ ಹೆಚ್ಚಾಗಿ ರೈತರು. ಯಾವ ಪೈಪು ಒಳ್ಳೆಯದು ಎಂದು ಯಾರು ಕೇಳಿದರೂ, "ಎಲ್ಲಿ ಕೂರ್ತೈತೆ, ಅದು ಹೇಳು ಮೊದ್ಲು" ಎನ್ನುತ್ತಿದ್ದರು. ಬಿಸಿಲಿಗೋ ಮಣ್ಣಿನೊಳಗೋ, ಮೇಲೆ ಟ್ರ್ಯಾಕ್ಟರ್ ಹಾಯುತ್ತದೋ, ಕುರಿಮಂದೆ ದಾಟುತ್ತದೋ, ಎಲ್ಲ ವಿಚಾರಿಸಿಯೇ ಪೈಪು ಕೆಳಗಿಳಿಸುವುದು. ನನ್ನನ್ನು ಮಾತ್ರ ಅವರು ಏನೂ ಕೇಳಲಿಲ್ಲ. ಮೀನಿನ ತೊಟ್ಟಿಗೆ ಎಂದ ಕೂಡಲೇ ನಕ್ಕುಬಿಟ್ಟರು. ಮನೆಯೊಳಗೆ, ನೆರಳಲ್ಲಿ ಇರುವಂಥದ್ದು, ಅದಕ್ಕೇನು ವಿಚಾರಿಸುವುದು ಎಂದುಕೊಂಡಿರಬೇಕು. ಗಟ್ಟಿ ಪೈಪನ್ನೇ ಅಳತೆಗೆ ಕೊಯ್ದು, ಅಂಟಿನ ಡಬ್ಬಿಯನ್ನೂ ಕೊಟ್ಟರು.

ನಮ್ಮದು ಒಂದೇ ದೊಡ್ಡ ಕೋಣೆಯ ಮನೆ. ಅರ್ಧ ಕೋಣೆ ಅವ್ವನ ಗುಂಡಿ ಮಗ್ಗಕ್ಕೆ. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ಅವ್ವ ರೇಷ್ಮೆ ಸೀರೆ ನೇಯುತ್ತಾಳೆ. ಎದುರಿನ ಗೋಡೆಗೆ ಒರಗಿಸಿದಂತೆ ನನ್ನ ಮೂರಡಿ ಗಾಜಿನ ತೊಟ್ಟಿ. ಮೂವತ್ತೆರಡು ಮೀನುಗಳಾಗಿ ನೀರು ಬೇಗ ಕೆಡುತ್ತಿದ್ದುದರಿಂದ ಕೆಳಗೊಂದು ಸೋಸುವ ಡಬ್ಬ ಇಟ್ಟಿದ್ದೆ. ತೊಟ್ಟಿಯ ಗಾಜಿಗೆ ಕೊರೆದ ತೂತಿನಿಂದ ನೀರು ಪೈಪಿನಲ್ಲಿ ಇಳಿದು ಡಬ್ಬಕ್ಕೆ ಬರಬೇಕು, ಅಲ್ಲಿಂದ ಸಣ್ಣ ಮೋಟರು ಅದನ್ನು ಮತ್ತೆ ಮೇಲಕ್ಕೆ ಕಳಿಸಬೇಕು. ಯಜಮಾನರು ಹೇಳಿದಂತೆ ಪೈಪನ್ನು ಗೋಡೆಗೆ ಬಿಗಿದು, ತೂತಿನ ಬಾಯಿಗೆ ಅಂಟಿಸಿದೆ.

ಎಂಟನೆಯ ದಿನ, ಗುರುವಾರ, ಅಂಟಿಸಿದ ಜಾಗದ ಬಳಿ ಸೀಳಿತು. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಮಗ್ಗದ ಗುಂಡಿಯಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. ರೇಷ್ಮೆ ಎಳೆಗಳು ಉಳಿದದ್ದು ಸ್ವಲ್ಪದರಲ್ಲಿ. ಅವ್ವ ಕೂಗಾಡಲಿಲ್ಲ. "ಇನ್ನೊಂದ್ಸಲ ನೀರು ಬಂತೋ, ಮೀನು ಬಾವಿಗೆ, ತೊಟ್ಟಿ ಬೀದಿಗೆ" ಎಂದಳು. ಅವ್ವ ಅಂದದ್ದನ್ನು ಮಾಡುವವಳು.

ಮರುದಿನ ಸೀಳಿದ ತುಂಡು ಹಿಡಿದು ಅಂಗಡಿಗೆ ಹೋದೆ.

"ಬೋರಿಗೆ ಪೈಪು ಒಯ್ದೋರು ನೀರು ಬರ್ಲಿಲ್ಲ ಅಂತ ಬಂದು ಅಳ್ತಾರೆ. ನೀನು ನೀರು ಬಂತು ಅಂತ ಬಂದೀಯಲ್ಲ ತಾಯಿ" ಎಂದರು. ತುಂಡನ್ನು ತಿರುಗಿಸಿ ನೋಡಿದ ಮೇಲೆ ನಗು ನಿಂತಿತು. ಅಂಟು ಸರಿಯಾಗಿಯೇ ಹಿಡಿದಿತ್ತು, ಪಕ್ಕದಲ್ಲಿ ಪೈಪೇ ಸೀಳಿತ್ತು. ಮೆತ್ತನೆ ಪೈಪು ಕೊಡಿ ಎಂದೆ. ಕೊಡಲಿಲ್ಲ. ನೋಡದೆ ಕೊಟ್ಟದ್ದು ಒಂದು ಸಲ ಸಾಕು ಎಂದರು.

ಭಾನುವಾರ ಅಂಗಡಿಗೆ ರಜೆ. ಅವತ್ತು ಹತ್ತೂಕಾಲಿನ ಬಸ್ಸಿಗೆ ಚೀಲ ಹಿಡಿದು ಬಂದಿಳಿದರು. ನಾನು ತೊಟ್ಟಿ ತೋರಿಸಲು ಹೋದರೆ, ಅವರು ಮಗ್ಗದ ಮುಂದೆ ನಿಂತುಬಿಟ್ಟರು. ಆಮೇಲೆ ಗಾಜಿನ ಮೇಲೆ ಅಂಗೈ ಇಟ್ಟು, ಅವ್ವನ ಕಡೆ ತಿರುಗಿ, "ಸ್ವಲ್ಪ ನೇಯಿ ತಂಗಿ" ಎಂದರು.

ಅವ್ವ ನೇಯ್ದಳು. ಮಗ್ಗದ ಹಲಗೆ ಬಡಿದಾಗಲೆಲ್ಲ ನೆಲದ ಕಲ್ಲು ಅದುರುವುದು ನಮಗೆ ಹುಟ್ಟಿನಿಂದ ರೂಢಿ. ಅದುರುತ್ತದೆ ಎಂಬುದೇ ನಮ್ಮ ಗಮನದಲ್ಲಿರಲಿಲ್ಲ. ಯಜಮಾನರು ಒಂದು ಕೈ ಗಾಜಿನ ಮೇಲೆ, ಇನ್ನೊಂದು ಕೈ ಗೋಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನಿಂತರು.

"ಗೋಡೆ ನಿಂತೈತೆ, ತೊಟ್ಟಿ ಕುಣೀತೈತೆ. ಎರಡನ್ನೂ ಸೇರಿಸಿ ಬಿಗಿದ್ರೆ ನಡುವಿನದು ಮುರೀದೆ ಏನಾಗ್ತೈತೆ?"

ಹಾಗಾದರೆ ಪೂರ್ತಿ ಮೆತ್ತನೆಯದೇ ಹಾಕೋಣ ಎಂದೆ. ಅದಕ್ಕೂ ಒಪ್ಪಲಿಲ್ಲ. ಉದ್ದಕ್ಕೆ ಹಾಕಿದರೆ ಜೋತು ಹೊಟ್ಟೆ ಬಿಡುತ್ತದೆ, ಹೊಟ್ಟೆಯಲ್ಲಿ ಕಸ ಕೂರುತ್ತದೆ, ಒಂದು ದಿನ ಮಡಿಚಿಕೊಂಡರೆ ಡಬ್ಬದ ನೀರೆಲ್ಲ ಮೇಲೆ ಹೋಗಿ ತೊಟ್ಟಿ ತುಂಬಿ ಹರಿಯುತ್ತದೆ. ಗೋಡೆಗೆ ಗಟ್ಟಿ ಪೈಪು ಹಾಗೆಯೇ ಇರಲಿ; ಅದಕ್ಕೂ ತೊಟ್ಟಿಗೂ ನಡುವೆ ಒಂದು ಗೇಣು ಮಾತ್ರ ಮೆತ್ತನೆಯದು. ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ತೊಟ್ಟಿಯ ತೂತಿನ ಮೂತಿಗೆ ಏರಿಸಿ, ಕ್ಲಿಪ್ಪು ಬಿಗಿದು, ಬಿಚ್ಚಿ, ನನ್ನ ಕೈಯಲ್ಲಿ ಮತ್ತೆ ಮಾಡಿಸಿದರು. ವರ್ಷಕ್ಕೊಮ್ಮೆ ಇದು ಬಿರುಸಾಗುತ್ತದೆ, ಸೀಳುವ ತನಕ ಕಾಯದೆ ಬದಲಾಯಿಸಬೇಕು ಎಂದರು.

ಊಟಕ್ಕೆ ಕೂತಾಗ, ತೊಟ್ಟಿಯ ಪಕ್ಕ ಇಟ್ಟಿದ್ದ ನನ್ನ ದಿನಚರಿ ಕಂಡು, ಕೇಳಿ ನೋಡಿದರು. ಗುರುವಾರದ ಪುಟದಲ್ಲಿ 'ಪೈಪು ಸರಿಯಿರಲಿಲ್ಲ' ಎಂದು ಬರೆದಿದ್ದೆ. "ಪೈಪು ಸರಿಯಾಗೇ ಇತ್ತು. ಯಜಮಾನ ಕೇಳದೆ ಕೊಟ್ಟ ಅಂತ ಬರಿ" ಎಂದರು. ಅವರೆದುರಿಗೇ ಹೊಡೆದುಹಾಕಿ ಹಾಗೆಯೇ ಬರೆದೆ. ತಪ್ಪನ್ನು ಹೀಗೆ ಬರೆಸಿಕೊಂಡ ಹಿರಿಯರನ್ನು ನಾನು ಬೇರೆ ಕಂಡಿಲ್ಲ.

ದೀಪಾವಳಿ ಕಳೆದು ಎರಡು ವಾರಕ್ಕೆ ಅಂಗಡಿ ಮುಚ್ಚಿತ್ತು. ಎದೆನೋವಿನಿಂದ ತೀರಿಕೊಂಡರೆಂದು ಪಕ್ಕದ ಚಹಾದಂಗಡಿಯವನು ಹೇಳಿದ. ಅವ್ವನಿಗೆ ಹೇಳಿದೆ. ಅವತ್ತು ಅವಳು ಬೇಗ ಮಗ್ಗದಿಂದೆದ್ದಳು.

ಬೇಸಿಗೆಗೆ ಪೈಪು ಹಾಕಿ ವರ್ಷ ತುಂಬಿತು. ಮೆತ್ತನೆ ಪೈಪನ್ನು ಒತ್ತಿ ನೋಡಿದೆ, ಬಿರುಸಾಗಿತ್ತು. ಅಂಗಡಿಯಲ್ಲಿ ಈಗ ಕೂರುವ ಅವರ ಮಗಳಿಂದ ಒಂದು ಗೇಣು ತಂದು, ಬಿಸಿನೀರಿನಲ್ಲಿ ಅದ್ದಿ, ಏರಿಸಿ, ಬಿಗಿದೆ. ಮಗ್ಗದಲ್ಲಿ ಅರ್ಧ ನೇಯ್ದ ಸೀರೆಯಿತ್ತು. ಸೋರುತ್ತದೋ ಏನೋ, ಒಂದು ತಾಸು ಕಾಯೋಣ ಎಂದು ಅವ್ವನಿಗೆ ಹೇಳಿದೆ.

"ಯಜಮಾನ್ರು ತೋರಿಸ್ದಂಗೆ ಹಾಕಿದೀಯಾ?" ಎಂದಳು.

ಹಾಕಿದ್ದೇನೆ ಎಂದೆ.

ಅವ್ವ ಗುಂಡಿಗೆ ಕಾಲು ಇಳಿಸಿ ನೇಯತೊಡಗಿದಳು.