ಎಕ್ಕಂಬಿಯ ಹಿತ್ತಲಲ್ಲಿ ಉಳಿದ ಲಾಮಾ ಪಲ್ಯ

ಶಿವರಾತ್ರಿ ಕಳೆದು ವಾರವಾಗಿದೆ. ಎಕ್ಕಂಬಿಯಲ್ಲಿ ಸೂರ್ಯ ಇನ್ನೂ ಮೂಡಿಲ್ಲ. ಗುರುಶಾಂತವ್ವ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಒಣಗಿ ಹಳದಿಯಾದ ಗಿಡಗಳನ್ನು ಬುಡದಲ್ಲೇ ಕೊಯ್ದು ಹಳೆಯ ಸೀರೆಯ ಮೇಲೆ ಮಲಗಿಸುತ್ತಿದ್ದಾರೆ. ಸಾಸಿವೆ ಗಿಡದ ಕಾಯಿಯಂಥ ಸಣ್ಣ ಕಾಯಿಗಳು ಇಬ್ಬನಿಗೆ ಮೆತ್ತಗಾಗಿವೆ.

"ಬಿಸಲು ಬಿತ್ತಂದ್ರ ಮುಟ್ಟಿದ ಕೂಡ್ಲೆ ಕಾಯಿ ಸಿಡೀತಾವ್ರಿ. ಬೀಜ ಎಲ್ಲಾ ಮಣ್ಣುಪಾಲು," ಎನ್ನುತ್ತಾರೆ, ಕೈ ನಿಲ್ಲಿಸದೆ.

ಐವತ್ತು ದಾಟಿದ ಈ ಹೆಣ್ಣುಮಗಳು ದಿನಕ್ಕೆ ಇಪ್ಪತ್ತೆರಡು ಕೊಡ ನೀರು ಹೊರುತ್ತಾರೆ. ಹರಿವೆ, ಮೆಂತ್ಯ, ಪುಂಡಿ ಎಂದು ನಲವತ್ತು ಕಟ್ಟು ಸೊಪ್ಪು ಕಟ್ಟಿ, ಬೆಳಗಿನ ಮೋಟಾರಿಗೆ ಶಿರಸಿ ಪೇಟೆಗೆ ಹೋಗುತ್ತಾರೆ. ಬಿತ್ತುವ ಬೀಜವನ್ನು ಎಂದೂ ಅಂಗಡಿಯಿಂದ ತಂದವರಲ್ಲ.

ಮೂರು ವರ್ಷದ ಹಿಂದೆ, ಮಳೆಗಾಲದ ಬಾಯಲ್ಲಿ, ಮುಂಡಗೋಡಿನ ಹೊಸ ಕ್ಯಾಂಪಿಗೆ ಟಿಬೆಟಿನ ನಿರಾಶ್ರಿತರನ್ನು ಒಯ್ಯುತ್ತಿದ್ದ ಲಾರಿಯೊಂದು ಇವರ ಮನೆಯೆದುರೇ ಕೆಟ್ಟು ನಿಂತಿತು. ಗುರುಶಾಂತವ್ವ ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಪೇಮಾ ಎಂಬ ಹೆಂಗಸು ಹಿತ್ತಲ ಸೊಪ್ಪನ್ನು ಬಹಳ ಹೊತ್ತು ನೋಡಿ, ಮಡಿಲಿನಿಂದ ಒಂದು ಗಂಟು ಬಿಚ್ಚಿ ಹಿಡಿಯಷ್ಟು ಬೀಜ ಕೊಟ್ಟಳು. ತಮ್ಮ ಊರಿನ ಸೊಪ್ಪೆಂದು ಹರಕು ಹಿಂದಿಯಲ್ಲಿ ಹೇಳಿದಳು. ಪೇಟೆಯ ಹಿಂದಿ ಗುರುಶಾಂತವ್ವನಿಗೂ ಅಷ್ಟಿಷ್ಟು ಬರುತ್ತಿತ್ತು.

ಅರ್ಧ ಬೀಜವನ್ನು ಆಗಲೇ ಬಿತ್ತಿದರು. ಮಳೆಗೆ ಸಸಿಯೆಲ್ಲ ಕೊಳೆತುಹೋಯಿತು. ಉಳಿದರ್ಧವನ್ನು ಬೂದಿಯಲ್ಲಿ ಕಲಸಿ ಸೋರೆಬುರುಡೆಯಲ್ಲಿಟ್ಟು, ದೀಪಾವಳಿ ಕಳೆದ ಮೇಲೆ ಮಡಿಗೆ ಹಾಕಿದರು. ಹುಳದ ಬಾಯಿಂದ ಪಾರಾಗಿ ನಿಂತದ್ದು ಒಂಬತ್ತೇ ಗಿಡ. ಬಿಳಿಯ ದಪ್ಪ ದಂಟು, ಅಗಲ ಎಲೆ. ನೋಡಿದವರ ಬಾಯಲ್ಲಿ ನೀರೂರುವಂತಿತ್ತು. ಆದರೆ ಗುರುಶಾಂತವ್ವ ಒಂದು ಎಲೆಯನ್ನೂ ಚಿವುಟಗೊಡಲಿಲ್ಲ. ಗಂಡ ಶಂಕ್ರಪ್ಪನಿಗೆ ಸಿಟ್ಟು ಬಂತು.

"ತಿನ್ನಾಕ ಕೊಡದ ಪಲ್ಯಕ್ಕ ನೀರು ಹೊತ್ತು ನಡಾ ಮುರಕೋತೀಯಲ್ಲ," ಎಂದರು.

"ಇವತ್ತ ತಿಂದ್ರ ಇವತ್ತಿಗೇ ಮುಗೀತು," ಎಂದರು ಈಕೆ. ಹೂ ಬಿಟ್ಟಿತು, ಕಾಯಿ ಕಟ್ಟಿತು. ಒಂಬತ್ತು ಗಿಡದಿಂದ ಅರ್ಧ ಸೇರು ಬೀಜ ಬಂತು. ಮರುವರ್ಷ ಹಿತ್ತಲಿನ ಮುಕ್ಕಾಲು ಪಾಲು ಅದೇ ಸೊಪ್ಪು.

ಕಳೆದ ವರ್ಷ ಇದೇ ದಿನಗಳಲ್ಲಿ ಗಂಡನನ್ನು ಹೊರಡಿಸಿಕೊಂಡು ಕ್ಯಾಂಪಿಗೆ ಹೋದರು. ಬೀಜದ ಚೀಲ ಹೊತ್ತವರು ಶಂಕ್ರಪ್ಪನವರೇ. ಪೇಮಾಳನ್ನು ಹುಡುಕುವುದರಲ್ಲೇ ಮಧ್ಯಾಹ್ನವಾಯಿತು. ಅಲ್ಲಿಯವರು ತಂದಿದ್ದ ಬೀಜವೆಲ್ಲ ಮೊದಲ ಮಳೆಗೇ ಕೊಳೆತು, ಯಾರ ಮನೆಯಲ್ಲೂ ಒಂದು ಕಾಳು ಉಳಿದಿರಲಿಲ್ಲ. ಗುರುಶಾಂತವ್ವ ಚೀಲದ ಬಾಯಿ ಬಿಚ್ಚಿದಾಗ ಪೇಮಾ ಕೈಯನ್ನು ಮೊಣಕೈವರೆಗೆ ಬೀಜದೊಳಗೆ ಇಳಿಸಿ ಹಾಗೇ ಕುಳಿತುಬಿಟ್ಟಳಂತೆ. ಆಮೇಲೆ ಓಣಿಯವರನ್ನೆಲ್ಲ ಕೂಗಿ ಕರೆದಳು. ಮಳೆಗಾಲ ಮುಗಿಯುವವರೆಗೆ ಬಿತ್ತಬಾರದೆಂದು ಗುರುಶಾಂತವ್ವ ಮನೆಮನೆಗೂ ಹೇಳಿ ಬಂದರು.

ಈ ಚಳಿಗಾಲ ಕ್ಯಾಂಪಿನ ಮೂವತ್ತೆಂಟು ಮನೆಗಳ ಅಂಗಳದಲ್ಲಿ ಆ ಸೊಪ್ಪು ಮೊಣಕಾಲೆತ್ತರ ನಿಂತಿತ್ತು. ಟಿಬೆಟಿನವರನ್ನೆಲ್ಲ ಲಾಮಾಗಳೆಂದೇ ಕರೆಯುವ ಜನ ಶಿರಸಿ ಪೇಟೆಯಲ್ಲೂ 'ಲಾಮಾ ಪಲ್ಯ' ಎಂದು ಕೇಳಿ ಒಯ್ಯುತ್ತಾರೆ. ಮಂಚಿಕೇರಿಯಿಂದ, ಬಿಳಗಿಯಿಂದ ಬೀಜ ಕೇಳಿಕೊಂಡು ಬಂದವರಿದ್ದಾರೆ. ಯಾರನ್ನೂ ಬರಿಗೈಲಿ ಕಳಿಸಿಲ್ಲ. ಈಗ ಬಿತ್ತಿದವರ ಲೆಕ್ಕ ಗುರುಶಾಂತವ್ವನಿಗೂ ಸಿಗುತ್ತಿಲ್ಲ.

ಕೊಯ್ದ ಗಿಡಗಳನ್ನು ಸೀರೆಯಲ್ಲಿ ಸುತ್ತಿ ನೆರಳಿಗೆ ಎಳೆದಿಟ್ಟು, ಗುರುಶಾಂತವ್ವ ಕೈ ಒರೆಸಿಕೊಳ್ಳುತ್ತಾರೆ. ಪತ್ರಿಕೆಯಲ್ಲಿ ಹೆಸರು ಹಾಕಿ ಬರೆಯಬಹುದೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ.

"ನನ್ನ ಹೆಸರು ಹಾಕ್ರಿ, ಬ್ಯಾಡ ಅನ್ನೂದಿಲ್ಲ. ಜೋಡಿ ಪೇಮಾನ ಹೆಸರೂ ಹಾಕ್ರಿ. ಬೀಜ ಅಕಿದು. ಉಳಿಸಿದಾಕಿ ನಾನು."