ನಾಯಿಗುಂಡಿಯೊಳಗಿನ ನಾಯಿ

ಅಂದು ಬೆಳಿಗ್ಗೆ ಪ್ಯೋ ದಲ್ಲೇಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಸಂತೋಷಕ್ಕೂ ಹಸಿವು ಸಾಯುತ್ತದೆ ಎಂಬುದು ಅವಳಿಗೆ ಗೊತ್ತಾದದ್ದು ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ. ಓಕ್‌ಬುನ್ ಅಜ್ಜಿಯ ಕೋಣೆಗೆ ಅವಳು ಹಾಸಿದ ಕಲ್ಲುನೆಲಕ್ಕೆ ಇವತ್ತು ಮೊದಲ ಬೆಂಕಿ. ಒಲೆಯ ಹೊಗೆ ನೆಲದಡಿಯ ಓಣಿಗಳಲ್ಲಿ ಹರಿದು, ಕಲ್ಲುಗಳನ್ನೆಲ್ಲ ಕಾಯಿಸಿ, ಆಚೆ ಗೋಡೆಯ ಹೊಗೆಗೂಡಿನಿಂದ ಹೊರಟರೆ ಅವಳು ಗೆದ್ದಂತೆ. ತಿರುಗಿ ಒಲೆಯ ಬಾಯಿಂದಲೇ ಬಂದರೆ, ಈ ಕಣಿವೆಯಲ್ಲಿ ಇನ್ನು ಯಾರೂ ನೆಲ ಹಾಸಲು ಅವಳನ್ನು ಕರೆಯುವುದಿಲ್ಲ.

ಅವಳ ಅಪ್ಪ ಪ್ಯೋ ಸೊಕ್‌ಗು ಒಂದು ಕಾಲಕ್ಕೆ ಈ ಬೆಟ್ಟಸಾಲಿನ ಅರ್ಧ ಮನೆಗಳನ್ನು ಬೆಚ್ಚಗಿಟ್ಟವನು. ಗಂಡುಮಕ್ಕಳಿಲ್ಲದ ಅವನ ಹಿಂದೆ ಕಲ್ಲು ಹೊತ್ತವಳು ದಲ್ಲೇ. ಯಾವುದು ತೊರೆಯ ಕಲ್ಲು, ಯಾವುದು ಬೆಟ್ಟದ್ದು ಎಂದು ಅವಳ ಬೆನ್ನೇ ಹೇಳುತ್ತಿತ್ತು. ತೊರೆಯ ಕಲ್ಲು ಒಳಗೆ ನೀರು ಬಚ್ಚಿಟ್ಟುಕೊಂಡಿರುತ್ತದೆ, ಬೆಂಕಿ ಕಂಡರೆ ಸಿಡಿಯುತ್ತದೆ. ಆದರೆ ಹಾಸುವ ಹೊತ್ತು ಬಂತೆಂದರೆ ಅಪ್ಪ, "ನೀನು ಹೊರಗೆ ನಡಿ. ಇದು ಗಂಡಸರ ಕೈಗೆ ಒಲಿಯೋ ಕೆಲಸ" ಎಂದು ಬಾಗಿಲೆಳೆದುಕೊಳ್ಳುತ್ತಿದ್ದ. ಅವಳು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು.

ನೋಡಿದ್ದು ಕೈಗೆ ಇಳಿಯುವ ಮೊದಲೇ ಊರಿಗೆ ಬಿಸಿನೀರಿನ ಕೊಳವೆಗಳು ಬಂದವು. ಅಪ್ಪನ ಕಸುಬು ನಿಂತಿತು. ದಲ್ಲೇ ಮದುವೆಯಾದಳು, ಗಂಡನನ್ನು ಕಳೆದುಕೊಂಡಳು, ಶಾಲೆಯ ಅಡುಗೆಮನೆಯಲ್ಲಿ ಹಂಡೆಗಟ್ಟಲೆ ಅನ್ನ ಬೇಯಿಸುತ್ತ ವರ್ಷಗಳನ್ನು ಕಳೆದಳು. ಅಲ್ಲಿಯೂ ಮೇಜಿನ ಮೇಲೆ ಹಿಟ್ಟು ಚೆಲ್ಲಿದರೆ ಅವಳ ಬೆರಳು ತನ್ನಷ್ಟಕ್ಕೆ ಓಣಿಗಳನ್ನು ಗೀಚುತ್ತಿತ್ತು.

ಹೋದ ಚಳಿಗಾಲದಲ್ಲಿ ಓಕ್‌ಬುನ್ ಅಜ್ಜಿಯ ಕೊಳವೆಗಳು ಹೆಪ್ಪುಗಟ್ಟಿ ಒಡೆದವು. ಅಜ್ಜಿ ನೇರವಾಗಿ ದಲ್ಲೇಯ ಮನೆಗೆ ಬಂದಳು.

"ಈ ಹಾವುಗಳನ್ನ ಕಿತ್ತು ಬಿಸಾಕೇ. ನಂಗೆ ಕಲ್ಲು ಹಾಸಿಕೊಡು."

"ನಾನಾ? ಅಪ್ಪನ್ನ ಕೇಳಿ ಅಜ್ಜಿ."

"ನಿಮ್ಮಪ್ಪನ ಸೊಂಟ ಹೋಯ್ತು. ನಿನ್ನ ಸೊಂಟ ಇದೆಯಲ್ಲ?"

ಅಪ್ಪ ಸುದ್ದಿ ಕೇಳಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ದಲ್ಲೇ ಬೆಟ್ಟದಿಂದ ಚಪ್ಪಡಿಗಳನ್ನು ತಂದಳು. ಹಿತ್ತಲ ದಿಬ್ಬದ ಹಳದಿ ಮಣ್ಣಿಗೆ ಹುಲ್ಲು ಕತ್ತರಿಸಿ ಹಾಕಿ ಕಲಸಿದಳು. ಒಲೆಯ ಬದಿಗೆ ದಪ್ಪ ಕಲ್ಲು, ದೂರ ಹೋದಂತೆ ತೆಳ್ಳಗಿನದು. ಹಾಗಾದರೆ ಮಾತ್ರ ಹತ್ತಿರದವನು ಬೇಯುವುದಿಲ್ಲ, ದೂರದವನು ನಡುಗುವುದಿಲ್ಲ. ಕೆಲಸದ ನಡುವೆ ತಲೆಯೆತ್ತಿದರೆ ಕಾಗದದ ಬಾಗಿಲಿನಿಂದ ಎಳೆಬಿಸಿಲು ಒಳಗಿನ ಗೋಡೆಯವರೆಗೂ ಬಂದಿರುತ್ತಿತ್ತು. ಬೇಸಗೆಯಲ್ಲಿ ಇದೇ ಬಿಸಿಲನ್ನು ಸೂರಿನಂಚು ಹೊಸಿಲಾಚೆಯೇ ತಡೆದು ನಿಲ್ಲಿಸುತ್ತದೆ. ಈ ಮನೆ ಕಟ್ಟಿದವನು ಸೂರ್ಯನ ಹತ್ತಿರ ಕೂತು ಮಾತಾಡಿಯೇ ಕಟ್ಟಿರಬೇಕು ಎಂದುಕೊಂಡು ಅವಳು ಒಬ್ಬಳೇ ನಗುತ್ತಿದ್ದಳು.

ಹೊಗೆಗೂಡಿನ ಬುಡದಲ್ಲಿ, ಓಣಿಗಳೆಲ್ಲ ಬಂದು ಸೇರುವ ಕಡೆ, ಒಂದು ಆಳವಾದ ಗುಂಡಿ ಇರಬೇಕು. ತಣ್ಣನೆಯ ಗಾಳಿ, ಮಸಿ ಎಲ್ಲ ಅಲ್ಲಿ ಇಳಿದುಕೊಳ್ಳುತ್ತದೆ. ಕಸುಬಿನವರು ಅದನ್ನು ನಾಯಿಗುಂಡಿ ಅನ್ನುತ್ತಾರೆ. ಅದರ ಮೇಲಿನ ಚಪ್ಪಡಿಯನ್ನು ಅವಳು ನಿನ್ನೆ ಸಂಜೆ, ಬೆಳಕು ಜಾರುವ ಮೊದಲು ಮುಗಿಸುವ ಆತುರದಲ್ಲಿ, ಮುಚ್ಚಿ ಮೇಲೆ ಮಣ್ಣು ಮೆತ್ತಿದ್ದಳು.

ಈಗ ಅಂಗಳ ಜನರಿಂದ ತುಂಬಿತ್ತು. ಯಾರೋ ಕೆಂಪವರೆಯ ಅಕ್ಕಿಕಡುಬು ತಂದಿದ್ದರು, ಯಾರೋ ಅಕ್ಕಿಹೆಂಡದ ಹೂಜಿ. ಅಪ್ಪ ಕೋಲೂರಿಕೊಂಡು ಬಂದು ಹಲಗೆಯ ಜಗಲಿಯ ತುದಿಯಲ್ಲಿ ಕೂತ.

"ಏನೇ ದಲ್ಲೇ, ಇನ್ನೂ ನಿಂತೇ ಇದ್ದೀಯಲ್ಲ! ಕಡ್ಡೀನ ನಾನು ಗೀರಲಾ?" ಅಂದಳು ಪಕ್ಕದ ಮನೆಯ ಮಾಲ್‌ಸುಕ್.

"ನೀನು ಗೀರಿದ್ರೆ ಊರಿಗೇ ಹತ್ಕೊಳುತ್ತೆ, ಬಿಡಕ್ಕ."

ದಲ್ಲೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಡ್ಡಿ ಗೀರಿದಳು. ಆಗ ಒಲೆಯ ಬಾಯಿಂದ, ಬಲು ದೂರದಿಂದ ಬಂದಂತೆ, ಒಂದು ದನಿ ಕೇಳಿತು. ಕೂಂಯ್.

ಅವಳು ಕಡ್ಡಿಯನ್ನು ಊದಿ ಆರಿಸಿದಳು. ಮತ್ತೆ, ಕೂಂಯ್.

"ಅಯ್ಯೋ, ನನ್ನ ಕೋಂಗ್!" ಅಜ್ಜಿ ಎದೆ ಹಿಡಿದುಕೊಂಡಳು. ಅವಳ ಹಳದಿ ನಾಯಿಮರಿ ನಿನ್ನೆ ಸಂಜೆಯಿಂದ ಕಂಡಿರಲಿಲ್ಲ.

ಆಮೇಲೆ ಅಂಗಳವೇ ಹಾರಿಹೋಗುವಂತೆ ನಗು.

"ನಾಯಿಗುಂಡಿ ಅಂದ್ರೆ ಒಳಗೆ ನಾಯಿ ಹಾಕ್ಬೇಕು ಅಂತ ಯಾರೇ ಹೇಳಿದ್ದು ನಿಂಗೆ?"

"ಚಳಿಗಾಲಕ್ಕೆ ಕಿಮ್ಚಿ ಗಡಿಗೆ ಹೂತಂಗೆ ನಾಯಿ ಹೂತಿದ್ದಾಳೆ!"

ದಲ್ಲೇಯ ಕಿವಿ ಕಾದವು. ಒಣಮೀನಿನ ತುಂಡನ್ನು ಒಲೆಯ ಬಾಯಲ್ಲಿ ಆಡಿಸಿ ಕರೆದರು. ಮರಿ ಕೂಗಿತೇ ಹೊರತು ಬರಲಿಲ್ಲ.

"ಸಂಜೆವರೆಗೂ ಕಾಯೋಣ ಕಣೆ. ಹಸಿವಾದ್ರೆ ತಾನೇ ಬರ್ತದೆ. ಇಷ್ಟು ಚೆಂದದ ನೆಲ ಒಡೀತಾರಾ?" ಈ ಸಲ ಮಾಲ್‌ಸುಕ್ ನಗದೆ ಹೇಳಿದಳು.

ನುಣುಪಾಗಿ ಆರಿದ ಮಣ್ಣು, ಅವಳ ಅಂಗೈಯ ಗೆರೆಗಳೂ ಮೂಡಿದ ಮಣ್ಣು. ದಲ್ಲೇ ಅಪ್ಪನ ಕಡೆ ನೋಡಿದಳು. ಅಪ್ಪ ಅವಳ ಕಡೆ ನೋಡುತ್ತಿದ್ದ, ಅಷ್ಟೆ. ಅವಳು ಹಾರೆ ತೆಗೆದುಕೊಂಡು ಕೋಣೆಗೆ ಹೋಗಿ, ಇಡೀ ಊರಿನ ಕಣ್ಣೆದುರು, ತನ್ನ ಮೊದಲ ನೆಲವನ್ನು ಒಡೆದಳು.

ಹೆಂಗಸರು ಚಪ್ಪಡಿಯ ಅಂಚಿಗೆ ಕೈಹಾಕಿ ಸರಿಸಿದರು. ಗುಂಡಿಯ ಮೂಲೆಗೆ ಮರಿ ಇನ್ನಷ್ಟು ಒತ್ತಿಕೊಂಡಿತು. "ಸರೀರಿ" ಎಂಬ ದನಿ ಹಿಂದಿನಿಂದ ಬಂತು. ಕೋಲನ್ನು ಬದಿಗಿಟ್ಟು ಅಪ್ಪ ಮೆಲ್ಲಗೆ ಮಂಡಿಯೂರಿದ, ಹೊಟ್ಟೆಯ ಮೇಲೆ ಮಲಗಿದ, ಭುಜದವರೆಗೆ ತೋಳು ಇಳಿಸಿದ. ಮಣ್ಣು ಮೆತ್ತಿದ ಕೋಂಗ್ ಕತ್ತು ಹಿಡಿಸಿಕೊಂಡು ಹೊರಗೆ ಬಂತು, ಅಜ್ಜಿಯ ಮಡಿಲಲ್ಲಿ ಮೈ ಒದರಿಕೊಂಡು ಎಲ್ಲರ ಮೇಲೂ ದೂಳು ಚಿಮ್ಮಿಸಿತು.

ಆದರೆ ಅಪ್ಪ ಏಳಲಿಲ್ಲ. ತೋಳು ಮತ್ತೆ ಒಳಗೆ ಹೋಯಿತು. ಕಣ್ಣು ಮುಚ್ಚಿಕೊಂಡು ಅವನು ಒಂದೊಂದು ಓಣಿಯ ಬಾಯನ್ನೂ ತಡವುತ್ತಿದ್ದ.

"ಮಾಮಾ, ಇನ್ನೊಂದು ನಾಯಿ ಸಿಕ್ತಾ?"

"ಬಾಯ್ಮುಚ್ಚೇ ಮಾಲ್‌ಸುಕ್" ಅಂದಳು ಅಜ್ಜಿ.

ಅಪ್ಪನ ಕೈ ಕೊನೆಯ ಓಣಿಯ ಹತ್ತಿರ ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು.

"ಎಲ್ಲಾ ಒಂದೇ ಸಮ" ಅಂದ, ನೆಲಕ್ಕೇ ಹೇಳುವಂತೆ. "ಒಂದು ಚೂರು ಮಣ್ಣು ಉದುರಿಲ್ಲ ಒಳಗೆ. ಯಾರೇ ಕಲಿಸಿದ್ದು ನಿಂಗೆ?"

"ನಿಮ್ಮ ಬಾಗಿಲ ಸಂದಿ, ಅಪ್ಪಾ."

ಅಪ್ಪನ ಮುಖದ ಸುಕ್ಕುಗಳೆಲ್ಲ ಒಮ್ಮೆ ಅಲುಗಿದವು. ಅವನನ್ನು ಎಬ್ಬಿಸಲು ಇಬ್ಬರು ಬೇಕಾಯಿತು. "ಏನು ನೋಡ್ತೀರಿ? ಮಣ್ಣು ತನ್ನಿ! ಅವಳು ಮುಚ್ಚಲಿ!" ಎಂದು ಅಬ್ಬರಿಸಿದ. ಮಾಲ್‌ಸುಕ್ ಗಡಿಗೆ ಹೊತ್ತು ಓಡಿದಳು, ಯಾರೋ ಹುಲ್ಲು ಕತ್ತರಿಸಿದರು, ಅಜ್ಜಿ ನೀರು ಚೆಲ್ಲಿಕೊಂಡು ಬೈಸಿಕೊಂಡಳು. ದಲ್ಲೇ ಗುಂಡಿಯೊಳಗೆ ಎರಡೆರಡು ಸಲ ಇಣುಕಿ, ಚಪ್ಪಡಿಯನ್ನು ಕೂರಿಸಿ, ಸಂದುಗಳಿಗೆ ಮಣ್ಣು ತುಂಬಿದಳು. ಒಡೆದ ಜಾಗ ಹಸಿಯಾಗಿ, ಬಣ್ಣ ಬೇರೆಯಾಗಿ ಎದ್ದು ಕಾಣುತ್ತಿತ್ತು.

ಕಡ್ಡಿ ಗೀರಿದಳು. ದೇವದಾರಿನ ಒಣಟೊಂಗೆ ಚಟಪಟ ಹೊತ್ತಿಕೊಂಡಿತು. ಮೊದಲ ಹೊಗೆ ಒಲೆಯ ಬಾಯಲ್ಲೇ ಸುಳಿಯಿತು, ಅನುಮಾನಿಸಿತು, ಅವಳ ಕಣ್ಣಿಗೆ ಬಂತು. ಆಮೇಲೆ ಬೆಂಕಿ, ಒಳಗಿನಿಂದ ಯಾರೋ ಹೆಸರು ಹಿಡಿದು ಕರೆದಂತೆ ತಲೆಬಾಗಿಸಿ, ಹೂಂ ಎಂದು ಸದ್ದು ಮಾಡುತ್ತ ನೆಲದಡಿಗೆ ನುಗ್ಗಿತು.

ಎಲ್ಲರೂ ಹೊಗೆಗೂಡು ನೋಡಲು ಹಿತ್ತಲಿಗೆ ಓಡಿದರು. ಅಜ್ಜಿಯನ್ನು ಬೆಂಕಿಗೆ ಕಾವಲಿಟ್ಟು ದಲ್ಲೇ ಮಾತ್ರ ಕೋಣೆಗೆ ಓಡಿದಳು, ಒಲೆಯ ಬದಿಯ ಮಣ್ಣಿನ ಮೇಲೆ ಅಂಗೈಗಳನ್ನು ಒತ್ತಿ ಕೂತಳು. ತಣ್ಣಗಿತ್ತು. ಇನ್ನೂ ತಣ್ಣಗಿತ್ತು.

"ಬಂತು!"

ಅಪ್ಪನ ದನಿ. ಇಷ್ಟು ಗಟ್ಟಿಯಾಗಿ ಅವನು ಕೂಗಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಬಂತು ಕಣೇ ದಲ್ಲೇ! ನೆಟ್ಟಗೆ ಹೋಗ್ತಿದೆ! ಹೊರಗೆ ಬಾರೇ, ನೋಡ್ಬಾರೇ!"

"ಬಂದೆ ಅಪ್ಪಾ!" ಎಂದು ಅವಳೂ ಕೂಗಿದಳು. ಆದರೆ ಏಳಲಿಲ್ಲ. ಅಂಗೈಯ ಕೆಳಗೆ, ದಪ್ಪ ಕಲ್ಲಿನ ಆಳದಿಂದ, ಏನೋ ಆಗಷ್ಟೇ ಬೆಚ್ಚಗಾಗತೊಡಗಿತ್ತು.